ವೂಫರಿಗೊಂದು ಜಾಗ

ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿ ಬಂದ ಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳಿಗೆ ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಿತ್ತು. ರಕ್ತದೊತ್ತಡ ಏರುತ್ತಿದೆ, ಹೆರಿಗೆಯಾಗುವವರೆಗೂ ಇಲ್ಲೇ ಮಲಗಿರಲಿ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ನೋಡಲು ಬಿಡುವುದು ಸಂಜೆ ಮಾತ್ರ. ಉಳಿದ ಹೊತ್ತನ್ನು ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವನು. ಮರುದಿನ ಅಂಗಡಿಗೆ ಹೋದವನು ಊಟದ ಹೊತ್ತಿನೊಳಗೆ ಒಬ್ಬರ ಎಡಗಣ್ಣಿನ ಗಾಜನ್ನು ಬಲಗಣ್ಣಿನ ಕಡೆ ಕೂರಿಸಿದ. ಅದನ್ನು ಸರಿಮಾಡಲು ಹೋಗಿ ಅಂಚು ಮುರಿದ. ಯಜಮಾನರು ಬೈಯಲಿಲ್ಲ. “ನಿನ್ನ ಕೈ ಇಲ್ಲಿದೆ, ತಲೆ ಆಸ್ಪತ್ರೇಲಿದೆ. ಮನೆಗೆ ಹೋಗಪ್ಪ, ಮಗು ಹುಟ್ಟಿದ ಮೇಲೆ ಬಾ” ಎಂದು ಕಳಿಸಿಬಿಟ್ಟರು. ಅದು ಉಪಕಾರವೋ ಶಿಕ್ಷೆಯೋ ಅವನಿಗೆ ಗೊತ್ತಾಗಲಿಲ್ಲ.

ಮನೆಯಲ್ಲಿ ಅತ್ತೆ ಇದ್ದರು. ಮಗಳ ಆರೈಕೆಗೆಂದು ಬೇರೆ ಊರಿನಿಂದ ಎರಡು ಸೂಟ್‌ಕೇಸ್ ತುಂಬಿಕೊಂಡು ಬಂದಿದ್ದರು. ಬಂದ ವಾರದಲ್ಲೇ ಮಗಳು ಆಸ್ಪತ್ರೆ ಸೇರಿದ್ದರಿಂದ ಅವರ ಕೈಗೂ ಕೆಲಸವಿಲ್ಲದಾಗಿತ್ತು. ಬದುಕಿಡೀ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿ ನಿವೃತ್ತರಾದವರು ಅವರು. ಅಗಲವಾದ ಭುಜ, ಕುತ್ತಿಗೆಯ ಮೇಲಕ್ಕೆ ಕತ್ತರಿಸಿದ ನರೆಗೂದಲು, ಕೊಳದ ಆಚೆ ದಡಕ್ಕೂ ಮುಟ್ಟುವ ಗಂಟಲು. ಆ ಗಂಟಲನ್ನು ಅಳಿಯನ ಮುಂದೆ ಮಾತ್ರ ಅವರು ಎಂದೂ ತೆರೆದಿರಲಿಲ್ಲ. ಮದುವೆಯಾದಾಗಿನಿಂದ ಇಬ್ಬರ ನಡುವೆ ಎಲ್ಲ ಮಾತೂ ಅವಳ ಮೂಲಕವೇ ಹಾದುಹೋಗುತ್ತಿತ್ತು. “ನಿಮ್ಮಮ್ಮಂಗೆ ಇನ್ನೊಂದು ದಿಂಬು ಬೇಕಾ ಕೇಳು” ಎಂದು ಇವನು. “ಅವರಿಗೆ ಸಾರು ತಣ್ಣಗಾದ್ರೆ ಸೇರಲ್ವೇನೋ, ಬಿಸಿ ಮಾಡ್ಲಾ ಕೇಳೇ” ಎಂದು ಅವರು. ಈಗ ನಡುವಿನ ಸೇತುವೆಯೇ ಇಲ್ಲ. ಇಬ್ಬರೂ ಎರಡು ದಡದಲ್ಲಿ ನಿಂತಂತಾಗಿತ್ತು.

ಅತ್ತೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಅವನು ಕಿಟಕಿಯವರೆಗೆ ಹೋಗಿ ಬರುತ್ತಿದ್ದ. ಹಾಲ್‌ನಲ್ಲಿ ಎದುರಾದರೆ ಇಬ್ಬರೂ ಒಂದೇ ಪಕ್ಕಕ್ಕೆ ಸರಿದು, ಮತ್ತೆ ಇನ್ನೊಂದೇ ಪಕ್ಕಕ್ಕೆ ಸರಿದು, “ಹೋಗಿ ಅತ್ತೆ”, “ಇಲ್ಲ ಅಳಿಯಂದಿರೇ, ನೀವು ಹೋಗಿ” ಎನ್ನುತ್ತಿದ್ದರು.

ಈ ಬಿಕೋ ಎನ್ನುವ ಮನೆಯನ್ನು ತಾಳಲಾರದೆ ಒಂದು ಬೆಳಿಗ್ಗೆ ಅವನು ಟಿವಿಯಲ್ಲಿ ಯಾವುದೋ ಸಿನಿಮಾ ಹಾಕಿದ. ಟಿವಿಯ ಎಡಗಡೆ, ಇಳಿಬಿಟ್ಟ ಬಟ್ಟೆಯ ಪರದೆಯ ಹಿಂದಿನ ಮೂಲೆಯಲ್ಲಿ, ಮೊಣಕಾಲೆತ್ತರದ ಕಪ್ಪು ಪೆಟ್ಟಿಗೆಯೊಂದು ಕೂತಿತ್ತು. ದಪ್ಪ ದನಿಗಳನ್ನಷ್ಟೇ ಹೊರಡಿಸುವ ವೂಫರ್. ತೆರೆಯ ಮೇಲೆ ಒಂದು ಲಾರಿ ಬಂತು, ಗುಂಯ್. ಯಾರೋ ಬಾಗಿಲು ಹಾಕಿಕೊಂಡರು, ಅದಕ್ಕೂ ಗುಂಯ್. ಆ ದನಿ ಬಂದು ಹೋಗುತ್ತಿರಲಿಲ್ಲ. ಬಂದದ್ದು ಕೋಣೆಯಲ್ಲೇ ಉಳಿದು, ಶೋಕೇಸಿನ ಗಾಜನ್ನು ಗಲಗಲ ಅಲ್ಲಾಡಿಸಿ, ಮುಂದಿನ ಮಾತನ್ನೂ ನುಂಗುತ್ತಿತ್ತು. ಮೊದಲೂ ಹೀಗೇ ಇತ್ತು, ಆದರೆ ಆಗ ಅವನು ಗಮನ ಕೊಟ್ಟಿರಲಿಲ್ಲ. ಈಗ ಅದು ಎದೆಗೂಡಿನೊಳಗೇ ಕೂತು ಬಡಿಯುತ್ತಿದೆ ಅನ್ನಿಸಿತು.

ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ಬೇಕರಿಯವನು. ರಾತ್ರಿ ಒಲೆಯ ಮುಂದೆ ದುಡಿದು ಹಗಲು ಮಲಗುವ ಮನುಷ್ಯ. ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಹಾಗೇ ಇತ್ತು.

“ಸರ್, ತಪ್ಪು ತಿಳ್ಕೋಬೇಡಿ. ಮೇಲೆ ಏನಾದ್ರೂ ಕುಟ್ತಾ ಇದೀರಾ?”

“ಇಲ್ಲ ಮಾರಾಯ್ರೆ, ಸಿನಿಮಾ ಅದು. ಸೌಂಡು ಕಮ್ಮಿನೇ ಇಟ್ಟಿದ್ದೆ.”

“ಸೌಂಡು ಕೇಳ್ಸಲ್ಲ ಸರ್. ಮಾತು, ಹಾಡು ಏನೂ ಇಲ್ಲ. ಆ ಗುಂಯ್ ಅನ್ನೋದು ಮಾತ್ರ ಮಂಚದ ಕಾಲಿಂದ ಹತ್ಕೊಂಡು ಬಂದು ಹಲ್ಲಿಗೆ ಹಿಡಿಯುತ್ತೆ. ನಿದ್ದೆ ಇಲ್ದೆ ಹೋದ್ರೆ ನನ್ನ ಬ್ರೆಡ್ಡು ಉಬ್ಬಲ್ಲ.”

ಅವನು ಕ್ಷಮೆ ಕೇಳಿ ಟಿವಿ ಆರಿಸಿದ. ಬೇಕರಿಯವನು ಹೋದ ಮೇಲೆ ಅಡುಗೆಮನೆಯ ಬಾಗಿಲಿನಿಂದ ಅತ್ತೆಯ ದನಿ ಬಂತು. “ನನ್ನ ಕೇಳಿದ್ರೆ ಅದನ್ನ ಮಾರಿಬಿಡೋದು ಒಳ್ಳೇದು, ಅಳಿಯಂದಿರೇ. ಎಳೇ ಮಗು ಬರೋ ಮನೆ. ಗಂಡಸರಿಗೆ ಇಂಥ ಆಟದ ಸಾಮಾನು ಯಾಕೋ ಏನೋ.”

ಅವನು ಪೆಟ್ಟಿಗೆಯ ಮೇಲಿನ ಧೂಳು ಒರೆಸಿದ.

ಸಂಜೆ ಇಬ್ಬರೂ ಆಸ್ಪತ್ರೆಗೆ ಹೋದರು. ಅವಳ ಮುಖ, ಪಾದ ಎರಡೂ ಊದಿಕೊಂಡಿದ್ದವು. ಆದರೂ ಇಬ್ಬರನ್ನೂ ನೋಡಿ ನಕ್ಕಳು.

“ಇಬ್ರೂ ಮನೇಲಿ ಏನ್ಮಾಡ್ತಿದೀರಾ?”

“ಏನಿಲ್ಲ, ಆರಾಮಾಗಿದೀವಿ” ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

“ಹೌದು, ಮುಖ ನೋಡಿದ್ರೇ ಗೊತ್ತಾಗುತ್ತೆ. ಒಬ್ರು ಸೋಪು ಕರಗಿಸ್ತಿದೀರಿ, ಒಬ್ರು ನೆಲ ಸವೆಸ್ತಿದೀರಿ.” ಅವಳು ಗಂಡನ ಕಡೆ ತಿರುಗಿದಳು. “ರೀ, ನನ್ನ ವೂಫರ್ ಸರಿಮಾಡ್ತೀನಿ ಅಂತ ಆರು ತಿಂಗಳಿಂದ ಹೇಳ್ತಿದೀರಲ್ಲ. ಬಾಗಿಲು ಹಾಕಿದ್ರೂ ಗುಂಯ್, ಗುಡುಗಿದ್ರೂ ಗುಂಯ್. ನಾನು ವಾಪಸ್ ಬರೋಷ್ಟರಲ್ಲಿ ಅದೊಂದು ಸರಿ ಇರ್ಬೇಕು. ಇಲ್ಲಿ ಮಲಗಿ ಮಲಗಿ ನಂಗೆ ಅದೇ ಯೋಚನೆ.”

“ಅದು ನಿಂದೇನೇ?” ಅತ್ತೆ ಕೇಳಿದರು.

“ಮತ್ತೆ? ನನ್ನ ಮೊದಲ್ನೇ ಬೋನಸ್ಸಲ್ಲಿ ತಗೊಂಡಿದ್ದಮ್ಮ. ಕಾಲ್ ಸೆಂಟರಲ್ಲಿ ದಿನವಿಡೀ ಹೆಡ್‌ಫೋನ್ ಹಾಕ್ಕೊಂಡು ಬೈಯೋರ ದನಿ ಕೇಳಬೇಕು. ಎಲ್ಲಾ ತೆಳ್ಳಗೆ, ಸೂಜಿ ಚುಚ್ಚಿದ ಹಾಗೆ. ಮನೆಗೆ ಬಂದು ಸೋಫಾದಲ್ಲಿ ಬಿದ್ಕೊಂಡು ಒಂದು ದಪ್ಪ ದನಿ ಕೇಳಿದ್ರೆ ಆ ಸೂಜಿಗಳೆಲ್ಲ ಉದುರಿಹೋಗುತ್ತೆ.”

“ನಂಗೆ ಹೇಳ್ಲೇ ಇಲ್ಲ.”

“ಹೇಳಿದ್ರೆ ‘ದುಡ್ಡು ದಂಡ’ ಅಂತಿದ್ದೆ.”

ಅತ್ತೆ ಮಗಳ ಹೊದಿಕೆಯನ್ನು ಸರಿಮಾಡಿದರು. ಅದು ಸರಿಯಾಗಿಯೇ ಇತ್ತು. ಬಸ್ಸಿಳಿದು ಮನೆಗೆ ನಡೆಯುವಾಗ, “ಮಾರಬೇಡಿ, ಹಾಗಾದ್ರೆ” ಎಂದರು.

ಬೆಳಿಗ್ಗೆ ಅವನು ವೂಫರ್ ಮಾರಿದ ಅಂಗಡಿಯವನಿಗೆ ಫೋನ್ ಮಾಡಿದ. ಅಂಗಡಿಯವನು ಇಂಥ ದೂರನ್ನು ದಿನಾ ಕೇಳುವವನಿರಬೇಕು. ಪೂರ್ತಿ ಕೇಳುವ ಮೊದಲೇ ಶುರುಮಾಡಿದ.

“ಮೂಲೇಲಿ ಇಟ್ಟಿದೀರಾ? ಅದೇ ತಪ್ಪು. ಮೂಲೇಲಿಟ್ರೆ ಸುಮ್ನೆ ಉಬ್ಬುತ್ತೆ. ಈಗ ಹೀಗೆ ಮಾಡಿ: ಪೆಟ್ಟಿಗೇನ ತಗೊಂಡು ಸೋಫಾ ಮೇಲಿಡಿ, ನೀವು ಕೂರೋ ಜಾಗದಲ್ಲೇ. ಬೇಸ್, ಅಂದ್ರೆ ಆ ದಪ್ಪ ದನಿ, ಒಂದೇ ಸಮ ಬಡಿಯೋ ಹಾಡು ಹಾಕಿ. ಆಮೇಲೆ ನೀವು ಅಂಬೆಗಾಲಿಟ್ಕೊಂಡು ಕೋಣೆ ಸುತ್ತಾ ಹೋಗಿ. ಎಲ್ಲಿ ದನಿ ಬಿಡಿಬಿಡಿಯಾಗಿ ಕೇಳ್ಸುತ್ತೋ ಅಲ್ಲಿ ಪೆಟ್ಟಿಗೆ ಇಡಿ.”

“ಅಂಬೆಗಾಲಾ?”

“ಕಿವಿ ಪೆಟ್ಟಿಗೆ ಎತ್ತರಕ್ಕೆ ಬರ್ಬೇಕಲ್ಲ ಸರ್. ನಾಚ್ಕೋಬೇಡಿ, ಎಲ್ರೂ ಮಾಡ್ತಾರೆ.”

ಅವನು ಕೆಳಗೆ ಹೋಗಿ ಬೇಕರಿಯವನಿಗೆ ಹೇಳಿದ. ಸ್ವಲ್ಪ ಹೊತ್ತು ಸದ್ದಾಗುತ್ತದೆ, ಆದರೆ ಸದ್ದು ನಿಲ್ಲಿಸಲಿಕ್ಕೇ ಈ ಸದ್ದು. ಬೇಕರಿಯವನಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ “ಇವತ್ತು ಹೇಗೂ ರಜೆ, ಮಾಡಿ” ಎಂದ.

ಪೆಟ್ಟಿಗೆ ಸೋಫಾದ ಮೇಲೆ ರಾಜನಂತೆ ಕೂತಿತು. ಹಾಡು ಶುರುವಾಯಿತು. ಅಡುಗೆಮನೆಯಲ್ಲಿ ನೀರಿನ ಸದ್ದು ಕೇಳುತ್ತಿದೆ ಎಂದು ಖಚಿತಮಾಡಿಕೊಂಡು ಅವನು ಪ್ಯಾಂಟನ್ನು ಮೇಲಕ್ಕೆಳೆದು ಮೊಣಕಾಲೂರಿದ. ಪರದೆಯ ಮೂಲೆಯಲ್ಲಿ ಕಿವಿಗೆ ದಿಂಬು ಒತ್ತಿದಂತೆ ಗುಂಯ್. ಟಿವಿಯ ಕೆಳಗೆ ಸ್ವಲ್ಪ ಕಡಿಮೆ. ಮೇಜಿನಡಿ ತೂರಿದ, ಅಲ್ಲಿ ಬೇಸ್ ಮಾಯವೇ ಆಗಿಹೋಯಿತು. ಅಚ್ಚರಿಯಿಂದ ತಲೆಯೆತ್ತಿದ್ದಕ್ಕೆ ನೆತ್ತಿ ಮೇಜಿಗೆ ಟಣ್ಣೆಂದು ಹೊಡೆಯಿತು.

“ಏ! ತಲೆ ತಗ್ಗಿಸೋ!”

ಕೊಳದ ಆಚೆ ದಡಕ್ಕೆ ಮುಟ್ಟುವ ಗಂಟಲು. ಅವನು ಇದ್ದಲ್ಲೇ ಗರಬಡಿದಂತೆ ನಿಂತ, ನಾಲ್ಕು ಕಾಲಿನ ಮೇಲೆ. ಬಾಗಿಲಲ್ಲಿ ಅತ್ತೆ ಒದ್ದೆ ಕೈಯನ್ನು ಬಾಯಿಗೆ ಅಡ್ಡ ಹಿಡಿದಿದ್ದರು.

“ಅಯ್ಯೋ, ಬಾಯಿ ತಪ್ಪಿ ಬಂತು ಅಳಿಯಂದಿರೇ. ಮಕ್ಕಳಿಗೆ ಹೇಳಿ ಹೇಳಿ...”

“ಪರವಾಗಿಲ್ಲ ಅತ್ತೆ” ಎಂದ ಮೇಜಿನಡಿಯಿಂದಲೇ. “ತಗ್ಗಿಸಿದೀನಿ.”

ಅತ್ತೆಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕದ್ದನ್ನು ಆ ವಾರದಲ್ಲಿ ಅವನು ಕೇಳಿದ್ದು ಅದೇ ಮೊದಲು. ಆಮೇಲೆ ಏನು ನಡೆಯುತ್ತಿದೆ ಎಂದು ವಿಚಾರಿಸಿದರು. ಅಂಗಡಿಯವನು ಹೇಳಿದ್ದನ್ನೆಲ್ಲ ಅವನು ಹೇಳಿದ. ಒಂದೇ ಕೋಣೆ, ಒಂದೇ ಹಾಡು. ಒಂದು ಕಡೆ ಕಿವಿ ಕಿತ್ತುಹೋಗುತ್ತದೆ, ಮೇಜಿನಡಿ ಏನೂ ಇಲ್ಲ, ಇದು ಹೇಗೆಂದು ತನಗೆ ಅರ್ಥವಾಗುತ್ತಿಲ್ಲ ಎಂದ.

“ಕೊಳದಲ್ಲೂ ಹಾಗೇ ಅಲ್ವಾ” ಎಂದರು ಅತ್ತೆ. “ಹತ್ತು ಮಕ್ಕಳು ಒಟ್ಟಿಗೆ ಕಾಲು ಬಡಿದ್ರೆ ನೀರು ಗೋಡೆಗೆ ಹೋಗಿ ಹೊಡೆದು ವಾಪಸ್ ಬರುತ್ತೆ. ಹೋಗೋ ಅಲೆ, ಬರೋ ಅಲೆ ಸೇರಿ ಅಂಚಲ್ಲಿ ಏಳುತ್ತೆ ನೋಡಿ, ಮೂಲೇಲಂತೂ ಬಾಯಿಗೇ ಬರುತ್ತೆ. ನಡುವೆ ಎಲ್ಲೋ ಒಂದು ಕಡೆ ನೀರು ಮಿಸುಕೋದೇ ಇಲ್ಲ. ಹೊಸ ಮಕ್ಕಳನ್ನ ಅಲ್ಲೇ ನಿಲ್ಲಿಸ್ತಿದ್ದೆ.” ಅವರು ಸೋಫಾದ ಕಡೆ ನೋಡಿದರು. “ನೀವು ಸೋಫಾನೂ ಗೋಡೆಗೇ ಅಂಟಿಸಿದೀರಿ. ಪೆಟ್ಟಿಗೆ ಒಂದು ಅಂಚಲ್ಲಿ, ಕೂರೋರು ಇನ್ನೊಂದು ಅಂಚಲ್ಲಿ. ಪಾಪ ಅವಳು ಅಲೆ ಏಳೋ ಕಡೆನೇ ಕೂತಿದ್ಲು.”

ಇಬ್ಬರೂ ಸೇರಿ ಸೋಫಾವನ್ನು ಗೋಡೆಯಿಂದ ಒಂದು ತೋಳಿನಷ್ಟು ಈಚೆಗೆ ಎಳೆದರು. ಅಷ್ಟಕ್ಕೇ ಗುಂಯ್ ಎನ್ನುವುದರ ಸೊಕ್ಕು ಸ್ವಲ್ಪ ಇಳಿಯಿತು. ಅಲೆ ಒಡೆಯಲು ಕೊಳದಲ್ಲಿ ಅಡ್ಡ ಹಗ್ಗ ಕಟ್ಟುವ ಹಾಗೆ ಇಲ್ಲೂ ಏನಾದರೂ ಇರಬೇಕೆಂದು ಅತ್ತೆ ತಮ್ಮ ಹಾಸಿಗೆಯನ್ನೇ ಸುತ್ತಿ ತಂದು ಹಿಂದಿನ ಮೂಲೆಯಲ್ಲಿ ನಿಲ್ಲಿಸಿದರು. ಅದರಿಂದ ಹೆಚ್ಚೇನೂ ಆಗಲಿಲ್ಲ. ಆದರೂ ತೆಗೆಯಲಿಲ್ಲ.

ಆಮೇಲೆ ಅವರೂ ಸೆರಗು ಸಿಕ್ಕಿಸಿ ನೆಲಕ್ಕಿಳಿದರು. ಅವನು ಎಡಗೋಡೆಯ ಪಕ್ಕ, ಅವರು ಬಲಗೋಡೆಯ ಪಕ್ಕ. “ಇಲ್ಲಿ ಗುಂಯ್.” “ಇಲ್ಲೂ.” “ಇಲ್ಲಿ ಸತ್ತೇಹೋಗಿದೆ.” ಹೀಗೆ ಸಾಗುತ್ತಿರುವಾಗ ತೆರೆದೇ ಇದ್ದ ಬಾಗಿಲಲ್ಲಿ ಬೇಕರಿಯವನು ಪ್ರತ್ಯಕ್ಷನಾದ. ಸೋಫಾದ ಮೇಲೆ ಪೆಟ್ಟಿಗೆ, ನೆಲದ ಮೇಲೆ ಅತ್ತೆ ಅಳಿಯ. ಬೇಕರಿಯವನು ತಾನೂ ಬಗ್ಗಿ ನೆಲ ನೋಡಿದ.

“ಏನಾದ್ರೂ ಕಳ್ಕೊಂಡಿದೀರಾ? ನಾನೂ ಹುಡುಕ್ಲಾ?”

“ಬೇಸ್ ಹುಡುಕ್ತಿದೀವಿ” ಎಂದರು ಅತ್ತೆ ಗಂಭೀರವಾಗಿ. “ನೀವು ಕೆಳಗೆ ನಿಮ್ಮ ಮಂಚದ ಮೇಲೆ ಹೋಗಿ ಮಲ್ಕೊಳ್ಳಿ. ಹಲ್ಲಿಗೆ ಹಿಡಿದ್ರೆ ಫೋನ್ ಮಾಡಿ.”

ಅವರ ಮಾತಿಗೆ ಇಲ್ಲ ಅನ್ನುವುದು ಯಾರಿಗೂ ಸುಲಭವಿರಲಿಲ್ಲ. ಬೇಕರಿಯವನು ಹೋಗಿ ಮಲಗಿದ, ಫೋನ್ ಮಾಡಿದ. ಪೆಟ್ಟಿಗೆಯ ಅಡಿಗೆ ದಪ್ಪ ಸ್ಪಂಜು ಕೊಟ್ಟು ನೆಲದ ಮೇಲಿಟ್ಟಾಗ “ಹಾಂ, ಈಗ ಮಂಚ ಸುಮ್ಮನಾಯ್ತು” ಎಂದ. ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿ ಹೋಗುವ ತೂತಿತ್ತು. ಅದಕ್ಕೆ ಕಾಲುಚೀಲ ತುರುಕಿದರೆ ಉಬ್ಬರ ತಗ್ಗುತ್ತದೆ ಎಂದು ಅಂಗಡಿಯವನು ಹೇಳಿದ್ದ. ಅಳಿಯ ತನ್ನದೊಂದು ತಂದ. ಅತ್ತೆ ಮೂಗು ಮುಚ್ಚಿಕೊಂಡು, “ಒಗೆದಿರೋದು ತಗೊಂಡು ಬಾರೋ” ಎಂದರು. ಈ ಸಲ ಕ್ಷಮೆ ಕೇಳಲಿಲ್ಲ.

ಇಷ್ಟೆಲ್ಲ ಆದ ಮೇಲೂ ಸರಿಯಾದ ಜಾಗ ಸಿಕ್ಕಿರಲಿಲ್ಲ. ಪೆಟ್ಟಿಗೆಯನ್ನು ಮತ್ತೆ ಸೋಫಾದ ಮೇಲಿಟ್ಟರು. ಬಲಗೋಡೆಯ ಉದ್ದಕ್ಕೂ ತೆವಳುತ್ತಾ ಕಿಟಕಿಯ ಹತ್ತಿರ ಬಂದಾಗ ಅತ್ತೆ ನಿಂತರು. ಅವನೂ ಪಕ್ಕಕ್ಕೆ ಬಂದ. ಇಲ್ಲಿ ಡ್ರಮ್ಮು ಡ್ರಮ್ಮಾಗಿ, ತಂತಿ ತಂತಿಯಾಗಿ ಕೇಳುತ್ತಿತ್ತು. ಬಡಿತ ಬಂದು, ಆಗಿ, ಮುಗಿದು, ಮುಂದಿನದಕ್ಕೆ ಜಾಗ ಬಿಡುತ್ತಿತ್ತು.

ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಅವರ ತಲೆಯ ಮೇಲೆ ಮಗುವಿನ ಮಂಚವಿತ್ತು. ಅವಳು ಆಸ್ಪತ್ರೆ ಸೇರುವ ಮುನ್ನ ತಾನೇ ನಿಂತು ಜೋಡಿಸಿದ್ದು. ಬಿಳಿ ಕಂಬಿ, ಬೆರಳುದ್ದದ ದಿಂಬು, ಮಡಿಸಿಟ್ಟ ಹಳದಿ ಹೊದಿಕೆ. ಪೆಟ್ಟಿಗೆ ಅಲ್ಲಿಡಬೇಕಾದರೆ ಮಂಚವನ್ನು ಸರಿಸಬೇಕು.

ಯಾರೂ ಕೈ ಚಾಚಲಿಲ್ಲ. ಹಾಡು ತನ್ನ ಪಾಡಿಗೆ ಬಡಿಯುತ್ತಿತ್ತು. ಖಾಲಿಯಿದ್ದ ಆ ಮಂಚವನ್ನು ಮುಟ್ಟಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಮುಟ್ಟಬಾರದು ಎಂಬುದಷ್ಟೇ ಗೊತ್ತಿತ್ತು. ಅತ್ತೆಯ ಮುಖ ನೋಡಿದ. ಅವರ ಮುಖದಲ್ಲೂ ಅದೇ ಇತ್ತು.

“ಬೇರೆ ಕಡೆ ನೋಡೋಣ” ಎಂದರು ಅವರು, ಬಹಳ ಮೆಲ್ಲಗೆ.

“ಹೂಂ.”

ಬೇರೆ ಕಡೆ ಎಲ್ಲ ನೋಡಿಯಾಗಿತ್ತು. ಅವನು ಹಾಡು ನಿಲ್ಲಿಸಿದ. ಮನೆ ಮತ್ತೆ ಬಿಕೋ ಎಂದಿತು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ನಲ್ಲಿಯ ಸದ್ದು ಶುರುವಾಯಿತು. ಅವನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ.

ಫೋನ್ ರಿಂಗಾದಾಗ ಬೇಕರಿಯವನೇ ಅಂದುಕೊಂಡ. ನರ್ಸ್ ಮಾತಾಡುತ್ತಿದ್ದಳು. ರಕ್ತದೊತ್ತಡ ಹತೋಟಿಗೆ ಬರುತ್ತಿಲ್ಲ, ಕಾಯುವಂತಿಲ್ಲ, ಆಪರೇಷನ್ನಿಗೆ ತಯಾರಿ ಮಾಡುತ್ತಿದ್ದೇವೆ, ಬನ್ನಿ. ಅವನು ಫೋನ್ ಹಿಡಿದು ನಿಂತೇ ಇದ್ದ. ಅತ್ತೆ ಅವನ ಕೈಯಿಂದ ಅದನ್ನು ತೆಗೆದುಕೊಂಡು, “ಬರ್ತಿದೀವಿ” ಎಂದು ಹೇಳಿ, ಅವನ ಚಪ್ಪಲಿಯನ್ನು ಅವನ ಕಾಲಿನ ಮುಂದೆ ತಂದಿಟ್ಟರು.

“ಹಾಕ್ಕೋ. ಉಸಿರು ಬಿಡು. ಮೊದಲು ಬಿಡು, ಆಮೇಲೆ ತಗೋ.”

ಬೇಕರಿಯವನು ಬ್ರೆಡ್ಡು ಸಾಗಿಸುವ ತನ್ನ ವ್ಯಾನಿನಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಬಿಟ್ಟ. ಕಾರಿಡಾರಿನ ಬೆಂಚಿನಲ್ಲಿ ಅವನ ಮೊಣಕಾಲು ತಾನಾಗಿಯೇ ಕುಣಿಯುತ್ತಿತ್ತು. ಅತ್ತೆ ಅದರ ಮೇಲೆ ಕೈಯಿಟ್ಟು ಒತ್ತಿದರು. ಸ್ವಲ್ಪ ಹೊತ್ತಿನ ಮೇಲೆ ಅವರದೇ ಕಾಲು ಕುಣಿಯತೊಡಗಿತು.

“ಅವಳಿಗೆ ನೀರು ಅಂದ್ರೆ ಭಯ ಇತ್ತು, ಗೊತ್ತಾ?” ಅವರು ಎದುರಿನ ಗೋಡೆಗೆ ಹೇಳಿದಂತೆ ಹೇಳಿದರು. “ನಾನು ಊರ ಮಕ್ಕಳಿಗೆಲ್ಲ ಕಲಿಸ್ದೆ, ಅವಳು ಕಲೀಲಿಲ್ಲ. ಬೈದೆ. ಅಂಚು ಹಿಡ್ಕೊಂಡು ನಿಂತಿರೋಳು, ತುಟಿ ನೀಲಿ ಆಗೋವರ್ಗೂ. ಬಿಡು ಅಂದ್ರೆ ಬಿಡ್ತಿರ್ಲಿಲ್ಲ.”

“ಈಗ್ಲೂ ಬಿಡಲ್ಲ ಅತ್ತೆ” ಎಂದ ಅವನು. “ಹಿಡಿದದ್ದು ಬಿಡೋ ಜಾತಿ ಅಲ್ಲ ಅವಳದು.”

ಅತ್ತೆ ತಲೆಯಾಡಿಸಿದರು.

ಹೆಣ್ಣು ಮಗು. ಅಂಗೈಗೆ ಸ್ವಲ್ಪ ಹೆಚ್ಚು, ಅಷ್ಟೇ. ಗಾಜಿನ ಪೆಟ್ಟಿಗೆಯೊಳಗೆ ತಂತಿಗಳ ನಡುವೆ ಮಲಗಿತ್ತು. ಅಳುವುದಕ್ಕೆ ಬಾಯಿ ತೆರೆದರೆ ದನಿ ನೂಲಿನಷ್ಟು ತೆಳ್ಳಗೆ. ಉಸಿರು ತಾನಾಗಿಯೇ ಆಡುತ್ತಿದೆ, ತೂಕ ಬರುವವರೆಗೆ ಇಲ್ಲೇ ಇರಬೇಕು ಎಂದರು ಡಾಕ್ಟರಮ್ಮ. ಅವಳೂ ಚೆನ್ನಾಗಿದ್ದಳು. ಅರೆಮಂಪರಿನಲ್ಲಿ ಗಂಡನ ಬೆರಳು ಹಿಡಿದು, “ನೋಡಿದ್ರಾ?” ಎಂದಷ್ಟೇ ಕೇಳಿದಳು. ಅವನು ಹೂಂ ಎಂದ.

ಮರುದಿನ ಬಟ್ಟೆಬರೆ ತರಲು ಇಬ್ಬರೂ ಮನೆಗೆ ಬಂದರು. ಚಪ್ಪಲಿ ಬಿಟ್ಟವರೇ ಅತ್ತೆ ನೆಟ್ಟಗೆ ಕಿಟಕಿಯ ಹತ್ತಿರ ಹೋಗಿ ಮಗುವಿನ ಮಂಚದ ಒಂದು ಕೊನೆ ಹಿಡಿದರು. ಅವನು ಇನ್ನೊಂದು ಕೊನೆ ಹಿಡಿದ. ಮಲಗುವ ಕೋಣೆಯಲ್ಲಿ, ಅವಳು ಮಲಗುವ ಬದಿಗೆ, ಕೈ ಚಾಚಿದರೆ ಸಿಗುವಂತೆ ಇಟ್ಟರು. ಇದನ್ನು ಮೊದಲೇ ಇಲ್ಲೇ ಇಡಬೇಕಿತ್ತು ಎಂದರು ಅತ್ತೆ. ಮಂಚವಿದ್ದ ಜಾಗಕ್ಕೆ ವೂಫರ್ ಬಂತು, ಅಡಿಗೆ ಸ್ಪಂಜು, ಬೆನ್ನಿಗೆ ಒಗೆದ ಕಾಲುಚೀಲ. ಅದರ ದನಿಯ ಗುಂಡಿಯನ್ನು ಅವನು ಅರ್ಧಕ್ಕಿಂತ ಕೆಳಗೆ ತಿರುಗಿಸಿದ. ಹಾಕಿ ನೋಡಲು ಪುರುಸೊತ್ತಿರಲಿಲ್ಲ.

ಅವಳು ವಾರ ಕಳೆದು ಮನೆಗೆ ಬಂದಳು, ಮಗುವನ್ನು ಅಲ್ಲೇ ಬಿಟ್ಟು. ಹೊತ್ತು ಹೊತ್ತಿಗೆ ಆಸ್ಪತ್ರೆಗೆ ಹೋಗಿ ಹಾಲು ಕೊಟ್ಟು ಬರಬೇಕಿತ್ತು. ನಡುವಿನ ಹೊತ್ತಿನಲ್ಲಿ ಈಗ ಅವಳು ಚಡಪಡಿಸತೊಡಗಿದಳು. ಮಲಗಿದರೆ ಎದ್ದು ಕೂರುತ್ತಿದ್ದಳು, ಕೂತರೆ ಫೋನ್ ನೋಡುತ್ತಿದ್ದಳು. ಅಮ್ಮ ತಲೆ ನೇವರಿಸಿದರೆ ಸಿಡಿಮಿಡಿ, ಗಂಡ ಮಾತಾಡಿಸಿದರೆ ಕಣ್ಣೀರು. ನಿದ್ದೆ ಎನ್ನುವುದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳೇ ಹಾಲ್‌ಗೆ ಬಂದು ಸೋಫಾದಲ್ಲಿ ಕೂತಳು. ಅದು ಗೋಡೆಯಿಂದ ಈಚೆಗೆ ಬಂದದ್ದನ್ನು ನೋಡಿದಳು, ಕಿಟಕಿಯ ಬಳಿ ಕಪ್ಪು ಪೆಟ್ಟಿಗೆ ನೋಡಿದಳು. “ಹಾಕ್ರಿ” ಎಂದಳು.

ಅವನು ಒಂದು ಸಿನಿಮಾ ಹಾಕಿದ. ಸಮುದ್ರ, ಹಡಗು, ದೂರದಲ್ಲಿ ಬಿರುಗಾಳಿ. ಹಡಗಿನ ಬಾಗಿಲು ದಬ್ ಎಂದು ಮುಚ್ಚಿ ಅಲ್ಲಿಗೇ ನಿಂತಿತು. ಗುಡುಗು ತೆರೆಯ ಒಂದು ಕೊನೆಯಲ್ಲಿ ಹುಟ್ಟಿ ಉರುಳಿ ಉರುಳಿ ದೂರಕ್ಕೆ ಹೋಯಿತು. ಶೋಕೇಸಿನ ಗಾಜು ಮಿಸುಕಲಿಲ್ಲ. ಅವಳು ಕಣ್ಣರಳಿಸಿ ಗಂಡನನ್ನು ನೋಡಿದಳು.

“ಹೇಗೆ ಮಾಡಿದ್ರಿ?”

“ನಿಮ್ಮಮ್ಮನ್ನ ಕೇಳು.”

“ಅಂಬೆಗಾಲಿಟ್ವಿ ಕಣೇ” ಎಂದರು ಅತ್ತೆ. “ನಾನು, ನಿನ್ನ ಗಂಡ, ಇಬ್ರೂ. ಇವನ ಕಾಲುಚೀಲದ ವಾಸನೆ ಬೇರೆ ಕುಡಿದೆ.”

ಅಮ್ಮ ‘ಇವನ’ ಎಂದದ್ದು ಅವಳ ಕಿವಿಗೆ ಬಿತ್ತು. ಒಮ್ಮೆ ಅವರನ್ನು, ಒಮ್ಮೆ ಇವನನ್ನು ನೋಡಿದಳು. ನಗಲು ಹೋಗಿ ಹೊಲಿಗೆ ನೋವಾಗಿ ಹೊಟ್ಟೆ ಹಿಡಿದುಕೊಂಡಳು. “ಆದ್ರೂ ಈ ತುದೀಲಿ ಒಂಚೂರು ಗುಂಯ್ ಇದೆ” ಎಂದಳು. ಸೋಫಾದ ಎಡತುದಿಯಲ್ಲಿ ಇತ್ತು, ನಿಜ. ಅದು ಏನು ಮಾಡಿದರೂ ಹೋಗಿರಲಿಲ್ಲ. ಅವಳು ನಡುವಿಗೆ ಸರಿದು ಅಮ್ಮನ ತೊಡೆಯ ಮೇಲೆ ತಲೆಯಿಟ್ಟಳು.

ಹಡಗು ಬಿರುಗಾಳಿಗೆ ಸಿಕ್ಕಿತು. ಅಲೆಗಳು ಒಂದರ ಹಿಂದೊಂದು ತಗ್ಗು ದನಿಯಲ್ಲಿ ಏರಿ ಇಳಿದವು. ಅತ್ತೆ ಮಗಳ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಲು ಬಾಗಿದವರು ಹಾಗೇ ತಡೆದು, ಅಳಿಯನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಅವಳಿಗೆ ನಿದ್ದೆ ಹತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

ಅವನು ರಿಮೋಟನ್ನು ಕೈಯಲ್ಲಿ ಹಿಡಿದಿದ್ದ. ಆರಿಸಿದರೆ ಎಚ್ಚರವಾದೀತು ಎಂದು ಆರಿಸಲಿಲ್ಲ. ಹಡಗು ದಡ ಮುಟ್ಟಿತು, ಸಿನಿಮಾ ಮುಗಿಯಿತು. ಅವನು ಸದ್ದಿಲ್ಲದೆ ಅದನ್ನೇ ಮತ್ತೆ ಮೊದಲಿನಿಂದ ಹಾಕಿದ. ಎರಡನೇ ಸಲ ಬಿರುಗಾಳಿ ಏಳುವ ಹೊತ್ತಿಗೆ ಮತ್ತೆ ಆಸ್ಪತ್ರೆಗೆ ಹೊರಡುವ ಸಮಯ ಹತ್ತಿರ ಬಂದಿತ್ತು. ಎಬ್ಬಿಸಬೇಕು ಎಂದು ಇಬ್ಬರಿಗೂ ಗೊತ್ತಿತ್ತು.

“ನೀನೇ ಎಬ್ಬಿಸು” ಎಂದರು ಅತ್ತೆ ಪಿಸುಮಾತಿನಲ್ಲಿ.

“ನೀವೇ ಎಬ್ಬಿಸಿ ಅತ್ತೆ.”

“ಇನ್ನೊಂದು ಐದು ನಿಮಿಷ.”

“ಹೂಂ. ಐದೇ ನಿಮಿಷ.”